ಫೋಟೊದ ಬೆನ್ನ ಮೇಲೆ ಹೆಸರಿರಲಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಯಹೂದಿಗಳು ಅನುಭವಿಸಿದ ಹಿಂಸೆಯ ನೆನಪನ್ನು ಉಳಿಸುವುದು ಹೇಗೆಂಬ ಮಾತು ಬಂದಾಗ ಬಹುತೇಕರು ಒಪ್ಪುವ ಉತ್ತರವೊಂದಿದೆ. ಫೋಟೊ ಸುಳ್ಳು ಹೇಳುವುದಿಲ್ಲ, ಫೋಟೊ ಉಳಿದರೆ ನೆನಪು ಉಳಿದಂತೆ. ಆದ್ದರಿಂದ ಮನೆಮನೆಯ ಆಲ್ಬಮ್‌ಗಳನ್ನು ಬೇಗ ಬೇಗ ಸ್ಕ್ಯಾನ್ ಮಾಡಿ, ಅಸಲು ಪ್ರತಿಗಳನ್ನು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರೆ ಮೊಮ್ಮಕ್ಕಳ ಹೊಣೆ ತೀರಿತು. ಹೀಗೆನ್ನುವವರ ಕಳಕಳಿಯಲ್ಲಿ ನನಗೆ ಸಂಶಯವಿಲ್ಲ. ಆ ದಿನಗಳನ್ನು ಕಣ್ಣಾರೆ ಕಂಡು ಇನ್ನೂ ನಮ್ಮೊಡನೆ ಇರುವವರು ಅಂದಿನ ಮಕ್ಕಳು. ಅವರಿಗೂ ಈಗ ಎಂಬತ್ತು, ತೊಂಬತ್ತು ದಾಟಿದೆ. ಆತುರ ಸಹಜ. ಆದರೂ ಈ ಉತ್ತರದ ಬುಡದಲ್ಲಿರುವ ನಂಬಿಕೆಯನ್ನು ನಾನು ಒಪ್ಪಲಾರೆ. ಫೋಟೊ ತನ್ನಷ್ಟಕ್ಕೆ ತಾನೇ ಯಾವ ನೆನಪನ್ನೂ ಉಳಿಸುವುದಿಲ್ಲ. ಅದರ ಬೆನ್ನ ಮೇಲಿನ ಬರಹ, ಅದರ ಜೊತೆಗಿದ್ದ ಸಪ್ಪೆ ಕಾಗದಪತ್ರ, ಅದು ಯಾರ ಕೈದಾಟಿ ಯಾರ ಕೈಗೆ ಬಂತೆಂಬ ವಿವರ, ಇವು ಉಳಿದರೆ ಮಾತ್ರ ನೆನಪು ಉಳಿದೀತು.

ಕ್ಯಾಮೆರಾ ಯಾರ ಕೈಯಲ್ಲಿತ್ತು ಎಂಬುದನ್ನೇ ಮೊದಲು ನೋಡೋಣ. ಜರ್ಮನಿಯ ಯಹೂದಿಗಳು ತಮ್ಮಲ್ಲಿರುವ ಟೈಪ್‌ರೈಟರ್, ಸೈಕಲ್, ದುರ್ಬೀನುಗಳ ಜೊತೆಗೆ ಕ್ಯಾಮೆರಾಗಳನ್ನೂ ಸರ್ಕಾರಕ್ಕೆ ಒಪ್ಪಿಸಬೇಕೆಂದು 1941ರ ನವೆಂಬರಿನಲ್ಲಿ ಆಜ್ಞೆಯಾಯಿತು. ಅಲ್ಲಿಂದಾಚೆಗೆ ಅವರ ಚಿತ್ರ ತೆಗೆದವರು ಬಹುಪಾಲು ಅವರನ್ನು ಅಟ್ಟಿದವರೇ. ಸಣ್ಣ ಟೋಪಿ ಹಾಕಿ, ಎರಡೂ ಕೈ ಮೇಲೆತ್ತಿ ನಿಂತ ಪುಟ್ಟ ಹುಡುಗನ ಚಿತ್ರವನ್ನು ನಮ್ಮಲ್ಲೂ ಅನೇಕರು ಪುಸ್ತಕಗಳಲ್ಲಿ ನೋಡಿರುತ್ತಾರೆ. 1943ರಲ್ಲಿ ವಾರ್ಸಾ ಗೆಟ್ಟೊದ, ಅಂದರೆ ಯಹೂದಿಗಳನ್ನು ಕೂಡಿಹಾಕಿದ್ದ ಕೇರಿಯ, ದಂಗೆಯನ್ನು ಅಡಗಿಸಿದ ನಾಜಿ ಎಸ್‌ಎಸ್ ಪಡೆಯ ಅಧಿಕಾರಿ ಯೂರ್ಗೆನ್ ಸ್ಟ್ರೂಪ್ ತನ್ನ ಮೇಲಿನವರಿಗೆ ಸಲ್ಲಿಸಿದ ವರದಿಯಲ್ಲಿ ಸೇರಿಸಿದ ಚಿತ್ರವದು. ಆ ಹುಡುಗ ಇಂಥವನೆಂದು ಹಲವರು ಹಲವು ಹೆಸರು ಹೇಳಿದ್ದಾರೆ. ಯಾವುದೂ ಖಚಿತವಾಗಿಲ್ಲ. ಕೋಟ್ಯಂತರ ಜನ ನೋಡಿದ ಮುಖಕ್ಕೆ ಇವತ್ತಿಗೂ ಹೆಸರಿಲ್ಲ. ಅದನ್ನು ಅಪರಾಧದ ಸಾಕ್ಷ್ಯವೆನ್ನಲು ನನ್ನ ಅಡ್ಡಿಯಿಲ್ಲ, ಒಂದು ಕುಟುಂಬದ ನೆನಪೆನ್ನಲಾರೆ.

ಇದರ ಪಕ್ಕದಲ್ಲಿ ಲಿಲಿ ಯಾಕೋಬ್‌ಗೆ ಸಿಕ್ಕ ಆಲ್ಬಮ್ಮನ್ನು ಇಟ್ಟು ನೋಡಬೇಕು. ಕಾರ್ಪೇಥಿಯನ್ ಬೆಟ್ಟಸೀಮೆಯ ಬಿಲ್ಕೆ ಎಂಬ ಊರಿನ ಈ ಹುಡುಗಿಯನ್ನು 1944ರಲ್ಲಿ ಮನೆಮಂದಿಯೊಡನೆ ಆಶ್ವಿಟ್ಜ್ ಹತ್ಯಾಶಿಬಿರಕ್ಕೆ ಸಾಗಿಸಿದರು. ಅಲ್ಲಿಂದ ಬೇರೆ ಬೇರೆ ಶಿಬಿರಗಳನ್ನು ಹಾಯ್ದು ಜರ್ಮನಿಯ ಡೋರಾ ಶಿಬಿರ ಸೇರಿದ್ದಳು. 1945ರಲ್ಲಿ ಬಿಡುಗಡೆಯಾದಾಗ ಜ್ವರದಿಂದ ಬಳಲುತ್ತಿದ್ದ ಆಕೆಗೆ, ಎಸ್‌ಎಸ್‌ನವರು ಬಿಟ್ಟೋಡಿದ ಬ್ಯಾರಕ್ಕಿನ ಬೀರುವಿನಲ್ಲಿ ಒಂದು ಆಲ್ಬಮ್ ಸಿಕ್ಕಿತು. ತೆರೆದರೆ ತಮ್ಮೂರಿನ ರಬ್ಬಿ, ಇಬ್ಬರು ಪುಟ್ಟ ತಮ್ಮಂದಿರು! ರೈಲಿನಿಂದ ಇಳಿದವರನ್ನು ಬೇರ್ಪಡಿಸುವುದರಿಂದ ಹಿಡಿದು, ಮರಗಳ ಕೆಳಗೆ ತಮಗರಿವಿಲ್ಲದೆ ಸಾವಿಗಾಗಿ ಕಾದು ಕೂತವರವರೆಗೆ ಸುಮಾರು ಇನ್ನೂರು ಚಿತ್ರಗಳು ಅದರಲ್ಲಿದ್ದವು. ತೆಗೆದವರ ಪಾಲಿಗೆ ಅದು ಕಚೇರಿಯ ಕಾರ್ಯವರದಿ. ಆಕೆ ಆ ಮುಖಗಳನ್ನು ಹೆಸರು ಹಿಡಿದು ಕರೆಯಬಲ್ಲವಳಾಗಿದ್ದಳು, ಅಷ್ಟರಿಂದಲೇ ಅದು ಮನೆಯವರ ಆಲ್ಬಮ್ ಆಯಿತು. ಮುಂದೆ ಆ ಸೀಮೆಯಿಂದ ಬದುಕುಳಿದು ಬಂದವರು ತಮ್ಮವರನ್ನು ಗುರುತಿಸಿದಾಗ ಆಕೆ ಕೆಲವು ಫೋಟೊಗಳನ್ನು ತೆಗೆದು ಅವರಿಗೇ ಕೊಟ್ಟಳು. ಫ್ರಾಂಕ್‌ಫರ್ಟ್‌ನಲ್ಲಿ ಆಶ್ವಿಟ್ಜ್ ಸಿಬ್ಬಂದಿಯ ವಿಚಾರಣೆ ನಡೆದಾಗ ಆಲ್ಬಮ್ ಹಿಡಿದು ಸಾಕ್ಷಿ ನುಡಿದಳು. 1980ರಲ್ಲಿ ಅದನ್ನು ಜೆರುಸಲೇಮಿನ ಯಾದ್ ವಾಶೆಮ್ ಸ್ಮಾರಕಕ್ಕೆ ಒಪ್ಪಿಸಿದಳು. ಫೋಟೊಗಳನ್ನು ಬಿಡಿಸಿ ಹಂಚಿದ್ದು ಸಂಗ್ರಹಾಲಯಗಳ ಶಿಸ್ತಿಗೆ ಒಗ್ಗದು. ನನಗಾದರೋ ಆ ಆಲ್ಬಮ್ಮಿಗೆ ಸಂದ ಅತ್ಯಂತ ನ್ಯಾಯವಾದ ಬಳಕೆ ಅದೇ ಎನ್ನಿಸುತ್ತದೆ.

ಯಹೂದಿಗಳೇ ತೆಗೆದ ಚಿತ್ರಗಳೂ ಇವೆ. ಅವುಗಳಿಗಾದರೂ ವಿವರಣೆ ಬೇಡವೇ ಎಂದರೆ, ಅವುಗಳಿಗೇ ಹೆಚ್ಚು ಬೇಕು. 1944ರ ಆಗಸ್ಟಿನಲ್ಲಿ ಆಶ್ವಿಟ್ಜ್‌ನ ಹೆಣ ಸುಡುವ ಕೆಲಸಕ್ಕೆ ದೂಡಲ್ಪಟ್ಟ ಕೈದಿಗಳು ಕದ್ದು ನಾಲ್ಕು ಚಿತ್ರ ತೆಗೆದು, ಟೂತ್‌ಪೇಸ್ಟ್ ಟ್ಯೂಬಿನಲ್ಲಿ ಅಡಗಿಸಿ ಹೊರಗೆ ಸಾಗಿಸಿದರು. ಬಾಗಿಲ ಮರೆಯಲ್ಲಿ ನಿಂತು ತೆಗೆದುದರಿಂದ ಎರಡು ಚಿತ್ರಗಳ ಸುತ್ತ ದಟ್ಟ ಕಪ್ಪು ಚೌಕಟ್ಟು ಬಿದ್ದಿದೆ. ದಶಕಗಳ ಕಾಲ ಪುಸ್ತಕಗಳಲ್ಲಿ ಆ ಕಪ್ಪನ್ನು ಕತ್ತರಿಸಿ, 'ಮುಖ್ಯವಾದ' ಭಾಗವನ್ನಷ್ಟೇ ದೊಡ್ಡದು ಮಾಡಿ ಅಚ್ಚು ಹಾಕಿದರು. ತೆಗೆದವನ ಪ್ರಾಣಭಯ ಇದ್ದದ್ದೇ ಆ ಕಪ್ಪಿನಲ್ಲಿ.

ಲೋಡ್ಜ್ ಗೆಟ್ಟೊದ ಹೆನ್ರಿಕ್ ರಾಸ್ ಅವರದು ಇನ್ನೊಂದು ಬಗೆ. ಗೆಟ್ಟೊ ಆಡಳಿತಕ್ಕಾಗಿ ಗುರುತಿನ ಚೀಟಿಯ ಫೋಟೊ ತೆಗೆಯುವುದು ಅವರ ಕೆಲಸ. ಅದರ ನಡುವೆಯೇ ಕಣ್ತಪ್ಪಿಸಿ ಹಸಿವು, ಸಾವು, ಗಡೀಪಾರುಗಳನ್ನು ತೆಗೆದರು. ಸುಮಾರು 6000 ನೆಗೆಟಿವ್‌ಗಳನ್ನು 1944ರಲ್ಲಿ ನೆಲದಲ್ಲಿ ಹೂತಿಟ್ಟರು. ಮರುವರ್ಷ ಅಗೆದಾಗ ಅರ್ಧದಷ್ಟು ಉಳಿದಿದ್ದವು. ಹಸಿದವರ ಚಿತ್ರಗಳು ಲೋಕಕ್ಕೆಲ್ಲ ಗೊತ್ತಾದವು. ಅದೇ ಪೆಟ್ಟಿಗೆಯಲ್ಲಿ ಮಕ್ಕಳ ಆಟ, ಮದುವೆ, ಕೊಂಚ ಅನುಕೂಲಸ್ಥರಾದ ಗೆಟ್ಟೊ ಪೊಲೀಸರ ಸಂಸಾರಗಳ ಚಿತ್ರಗಳೂ ಇದ್ದವು. ಇವು ಬಹುಕಾಲ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಗೆಟ್ಟೊ ಎಂದರೆ ಹೀಗೇ ಇರಬೇಕೆಂದು ಮೊದಲೇ ತೀರ್ಮಾನಿಸಿದ್ದ ಲೋಕಕ್ಕೆ ಅವು ಬೇಡವಾಗಿದ್ದವು. ರೋಮನ್ ವಿಷ್ನಿಯಾಕ್ ಅವರ ವಿಷಯವೂ ಹೀಗೆಯೇ. 1930ರ ದಶಕದಲ್ಲಿ ಒಂದು ಯಹೂದಿ ಪರಿಹಾರ ಸಂಸ್ಥೆ ದೇಣಿಗೆ ಸಂಗ್ರಹಕ್ಕಾಗಿ ಬಡವರ ಚಿತ್ರ ತೆಗೆಯಲು ಅವರನ್ನು ಪೂರ್ವ ಯುರೋಪಿಗೆ ಕಳಿಸಿತ್ತು. 1983ರಲ್ಲಿ ಬಂದ ಅವರ ಪುಸ್ತಕದಿಂದ ಆ ಸೀಮೆಯ ಯಹೂದಿಗಳೆಲ್ಲ ಗಡ್ಡಧಾರಿ ಬಡ ಧರ್ಮನಿಷ್ಠರೆಂಬ ಭಾವನೆ ಬೇರೂರಿತು. ಆಮೇಲೆ ಸಂಶೋಧಕಿ ಮಾಯಾ ಬೆಂಟನ್, ವಿಷ್ನಿಯಾಕ್ ಅವರ ಸಂಗ್ರಹವನ್ನು ಪೂರ್ತಿ ತೆಗೆದು ನೋಡಿದಾಗ ಕೆಲವು ಅಡಿಬರಹಗಳಿಗೆ ಆಧಾರವಿಲ್ಲವೆಂದೂ, ಪುಸ್ತಕಕ್ಕೆ ಬಾರದ ಚಿತ್ರಗಳಲ್ಲಿ ಬೇರೆಯೇ ಆಧುನಿಕ ಬದುಕಿತ್ತೆಂದೂ ತಿಳಿಯಿತು. ಚಿತ್ರಗಳು ಅಸಲಿಯೇ. ತಪ್ಪಿದ್ದು ಅವುಗಳ ಕೆಳಗೆ ಬರೆದ ಸಾಲಿನಲ್ಲಿ.

ಭೀಕರ ಚಿತ್ರಗಳನ್ನು ತೋರಿಸದಿದ್ದರೆ ಹತ್ಯಾಕಾಂಡ ನಡೆದೇ ಇಲ್ಲ ಎನ್ನುವವರ ಬಾಯಿ ಮುಚ್ಚಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಬಹಳ ತೂಕದ ಪ್ರಶ್ನೆ. 1945ರ ಏಪ್ರಿಲಿನಲ್ಲಿ ಓರ್‌ಡ್ರುಫ್ ಶಿಬಿರವನ್ನು ಕಂಡ ಜನರಲ್ ಐಸೆನ್‌ಹೋವರ್, ಮುಂದೊಂದು ದಿನ ಯಾರಾದರೂ ಇದು ಸುಳ್ಳೆಂದಾರೆಂಬ ಆತಂಕದಿಂದಲೇ ಪತ್ರಕರ್ತರನ್ನೂ ಜನಪ್ರತಿನಿಧಿಗಳನ್ನೂ ಕರೆಸಿದರು. ಆ ವರ್ಷದ ನವೆಂಬರಿನಲ್ಲಿ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಶಿಬಿರಗಳ ಚಿತ್ರ ಪ್ರದರ್ಶಿಸಿದರು. ಅದು ಆಗಬೇಕಾದ್ದೇ, ಆ ಚಿತ್ರಗಳು ಇರಲೇಬೇಕು. ಆದರೆ ನ್ಯಾಯಾಲಯ ಕೇಳುವುದು ಅಪರಾಧ ನಡೆಯಿತೇ ಎಂದು, ಮೊಮ್ಮಗಳು ಕೇಳುವುದು ನನ್ನ ಅಜ್ಜಿ ಎಂಥವಳು ಎಂದು. ಎರಡನೆಯದಕ್ಕೆ ಹೆಣಗಳ ರಾಶಿಯಲ್ಲಿ ಉತ್ತರ ಸಿಗದು. ಆಶ್ವಿಟ್ಜ್‌ಗೆ ಗಡೀಪಾರಾದವರು ಚೀಲದಲ್ಲಿ ಕಟ್ಟಿಕೊಂಡು ಬಂದಿದ್ದ ಸುಮಾರು 2400 ಮನೆಫೋಟೊಗಳು ಉಳಿದಿವೆ. ಮದುವೆ, ಸಮುದ್ರದಂಡೆ, ಕೂಸಿನ ಮೊದಲ ಹೆಜ್ಜೆ. ಊರು ಬಿಡುವಾಗ ಇಷ್ಟೇ ಸಾಮಾನು ಎಂದಾಗ ಅವರು ಬೇಕೆಂದು ಆರಿಸಿಕೊಂಡದ್ದು ಇವುಗಳನ್ನು. ತಮ್ಮ ಬದುಕಿನಲ್ಲಿ ಯಾವುದು ಉಳಿಯಬೇಕೆಂದು ಅವರೇ ಕೊಟ್ಟ ತೀರ್ಪು ಅದು. ಅದಕ್ಕಿಂತ ನಮ್ಮ ತೀರ್ಪು ದೊಡ್ಡದಾಗಬಾರದು.

ಈಗ ಕಾಗದಪತ್ರಗಳಿಗೆ ಬರುತ್ತೇನೆ. ಫೋಟೊ ಇಟ್ಟುಕೊಂಡು ಕಾಗದಗಳನ್ನು ಎಸೆಯುವ ಮನೆಗಳೇ ಹೆಚ್ಚು. ಅವು ಪರಕೀಯ ಭಾಷೆಯ ಸರ್ಕಾರಿ ಕಾಗದಗಳು, ಓದಲು ಬೇಸರ, ಹಳೆಯ ಜರ್ಮನ್ ಕೈಬರಹ ಅಲ್ಲಿನ ಇಂದಿನವರಿಗೇ ಅರ್ಥವಾಗದು. ಆದರೆ ದಬ್ಬಾಳಿಕೆ ನಡೆದ ಬಗೆ ಅಡಗಿರುವುದು ಅಲ್ಲಿಯೇ. 1939ರ ಜನವರಿಯಿಂದ ಜರ್ಮನಿಯ ಯಹೂದಿ ಹೆಂಗಸರು ತಮ್ಮ ಹೆಸರಿಗೆ 'ಸಾರಾ' ಎಂದೂ ಗಂಡಸರು 'ಇಸ್ರಾಯೇಲ್' ಎಂದೂ ಸೇರಿಸಿ ಬರೆಯಬೇಕಾಯಿತು. ಗುರುತಿನ ಚೀಟಿಯ ಫೋಟೊದಲ್ಲಿ ಎಡಗಿವಿ ಕಾಣಲೇಬೇಕಿತ್ತು. ಆ ಫೋಟೊವನ್ನು ಚೀಟಿಯಿಂದ ಬಿಡಿಸಿ ಚೌಕಟ್ಟು ಹಾಕಿಸಿದರೆ ಅಜ್ಜಿ ಯಾಕೆ ಹಾಗೆ ಮುಖ ಓರೆ ಮಾಡಿ ಕೂತಿದ್ದಾಳೆಂದು ಯಾರಿಗೂ ತಿಳಿಯದು. ಗಡೀಪಾರಿಗೆ ಮುನ್ನ ತುಂಬಿಸಿಕೊಳ್ಳುತ್ತಿದ್ದ 16 ಪುಟಗಳ ಆಸ್ತಿ ಘೋಷಣೆಯಲ್ಲಿ ಹಾಸಿಗೆ ಬಟ್ಟೆ, ಅಂಗಿ, ಚಮಚಗಳವರೆಗೆ ಎಣಿಸಿ ಬರೆಯಬೇಕಿತ್ತು, ಕೊನೆಗೆ ರುಜು. ಹೊರದೇಶಕ್ಕೆ ಹೋದವರಿಗೆ ಮನೆಯವರು ರೆಡ್‌ಕ್ರಾಸ್ ಮೂಲಕ ಕಳಿಸುತ್ತಿದ್ದ ಸಂದೇಶಕ್ಕೆ 25 ಪದಗಳ ಮಿತಿ, ಅದೇ ಹಾಳೆಯ ಹಿಂಬದಿಯಲ್ಲಿ ಉತ್ತರ, ತಲುಪಲು ತಿಂಗಳುಗಳು. ಪ್ರಯಾಣ ಹೊರಟಿದ್ದೇವೆ ಎಂಬಂಥ ಮಾತಿನಲ್ಲಿ ಗಡೀಪಾರಿನ ಸುದ್ದಿ ಅಡಗಿರುತ್ತಿತ್ತು. ಆ ಪ್ರಯಾಣ ಎಲ್ಲಿಗೆಂದು ಬಲ್ಲವರು ಪಕ್ಕದಲ್ಲಿ ಬರೆದಿಡದಿದ್ದರೆ, ನಾಳೆ ಓದುವವರಿಗೆ ಅದು ಪ್ರವಾಸದ ಸುದ್ದಿಯಾಗಿ ಕಂಡೀತು.

ಇದನ್ನು ಯುದ್ಧದ ನಡುವೆಯೇ ಅರಿತವರು ಇಮ್ಯಾನುಯೆಲ್ ರಿಂಗಲ್‌ಬ್ಲೂಮ್. ವಾರ್ಸಾ ಗೆಟ್ಟೊದೊಳಗೆ ಈ ಇತಿಹಾಸಕಾರರು ಕಟ್ಟಿದ ಗುಪ್ತ ಬಳಗ ದಿನಚರಿ, ವರದಿಗಳ ಜೊತೆಗೆ ಟ್ರಾಮ್ ಟಿಕೆಟ್, ರೇಷನ್ ಚೀಟಿ, ಮಿಠಾಯಿ ಸುತ್ತಿದ ಕಾಗದಗಳನ್ನೂ ಕೂಡಿಟ್ಟಿತು. ತಗಡಿನ ಪೆಟ್ಟಿಗೆ, ಹಾಲಿನ ಕ್ಯಾನುಗಳಲ್ಲಿ ತುಂಬಿ ಹೂತಿಟ್ಟ ಸಂಗ್ರಹದ ಒಂದು ಭಾಗ 1946ರಲ್ಲಿ, ಇನ್ನೊಂದು 1950ರಲ್ಲಿ ಸಿಕ್ಕಿತು. ಮೂರನೆಯದು ಇನ್ನೂ ಸಿಕ್ಕಿಲ್ಲ. ರಿಂಗಲ್‌ಬ್ಲೂಮ್ ಅವರನ್ನು 1944ರ ಮಾರ್ಚಿನಲ್ಲಿ ಕೊಂದರು. ಯಾವುದು ಮುಖ್ಯ ಯಾವುದು ಅಮುಖ್ಯವೆಂದು ತಾವೇ ನಿರ್ಧರಿಸುವ ಅಧಿಕಾರ ತಮಗಿಲ್ಲವೆಂಬ ವಿನಯ ಆ ಬಳಗಕ್ಕಿತ್ತು. ಸ್ಕ್ಯಾನ್ ಮಾಡಲು ಕೂತು 'ಒಳ್ಳೆಯ' ಹತ್ತು ಫೋಟೊ ಆರಿಸಿ ಉಳಿದುದನ್ನು ಬಿಡುವ ನಮಗೆ ಅದು ಇಲ್ಲ.

ಈ ಮಾತಿಗೆ ಈಗ ಹೊಸ ಕಾರಣವೂ ಹುಟ್ಟಿಕೊಂಡಿದೆ. ಯಂತ್ರಬುದ್ಧಿಯಿಂದ ಮಾಡಿದ, ಎಂದೂ ಇದ್ದಿರದ 'ಹತ್ಯಾಕಾಂಡದ ಮಕ್ಕಳ' ಚಿತ್ರಗಳು ಕಟ್ಟುಕತೆಯ ಹೆಸರು, ಊರುಗಳೊಡನೆ ಫೇಸ್‌ಬುಕ್‌ನಲ್ಲಿ ಓಡಾಡುತ್ತಿವೆ ಎಂದು ಆಶ್ವಿಟ್ಜ್ ಸ್ಮಾರಕ 2025ರಲ್ಲಿ ಎಚ್ಚರಿಸಿತು. ನೋಡಿದವರು ಕಣ್ಣೀರಿಟ್ಟು ಹಂಚಿಕೊಂಡರು. ಫೋಟೊ ಸುಳ್ಳು ಹೇಳುವುದಿಲ್ಲ ಎಂದು ಇನ್ನು ಹೇಳಲಾಗದು. ಅಸಲಿ ಮುಖವನ್ನು ನಕಲಿಯಿಂದ ಬೇರೆ ಮಾಡಿ ತೋರಿಸಬಲ್ಲದ್ದು ಅದರ ಜೊತೆಗಿನ ಮೊಹರು, ಕೈಬರಹ, ಶಾಲೆಯ ಅಂಕಪಟ್ಟಿ, ಹಡಗಿನ ಟಿಕೆಟ್ಟು.

ಹಾಗೆಂದು ಸಂಗ್ರಹಾಲಯಕ್ಕೆ ಕೊಡಬೇಡಿ ಎನ್ನುತ್ತಿಲ್ಲ. ಮನೆಯ ಅಟ್ಟಕ್ಕಿಂತ ಅಲ್ಲಿನ ತಣ್ಣನೆಯ ಕೋಣೆ ಕಾಗದಕ್ಕೆ ಹಿತ. ಕೊಡುವ ಮುಂಚೆ ಆಗಬೇಕಾದ ಕೆಲಸವಿದೆ, ಅದನ್ನು ಯಾವ ಸಂಸ್ಥೆಯೂ ಮಾಡಲಾರದು. ಮೃತರೊಬ್ಬರ ಹೆಸರು, ತಂದೆತಾಯಿ, ಊರು, ಕೊನೆಗೆ ಕಂಡ ಜಾಗಗಳನ್ನು ಬಂಧುಗಳೋ ಪರಿಚಿತರೋ ತುಂಬಿಕೊಡುವ ಪುಟಗಳನ್ನು ಯಾದ್ ವಾಶೆಮ್ 1950ರ ದಶಕದಿಂದ ಸಂಗ್ರಹಿಸುತ್ತಿದೆ. ಆ ಪುಟ ತುಂಬಲು ಮನೆಯವರ ಬಾಯಿಮಾತೇ ಬೇಕು. ಹಿರಿಯರ ಎದುರು ಒಂದೊಂದೇ ಫೋಟೊ ಇಟ್ಟು ಕೇಳಬೇಕು. ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ತೆಗೆದವರು ಯಾರು, ಈ ಫೋಟೊ ನಮಗೆ ಹೇಗೆ ಬಂತು. ಮೆತ್ತನೆಯ ಪೆನ್ಸಿಲಿನಲ್ಲಿ ಹಿಂಬದಿಯ ಅಂಚಿಗೆ ಹಗುರವಾಗಿ ಬರೆಯಬೇಕು. ಹೇಳಿದವರ ಹೆಸರು, ದಿನಾಂಕ ಕೂಡ ಬೇಕು. ಗೊತ್ತಿಲ್ಲದವರನ್ನು 'ಗೊತ್ತಿಲ್ಲ' ಎಂದೇ ಬರೆಯಬೇಕು, ಊಹಿಸಿ ಹೆಸರಿಡಬಾರದು. ಹಿರಿಯರು ಹೇಳಲು ಒಲ್ಲೆನೆಂದರೆ ಬಲವಂತ ಬೇಡ. ಅಷ್ಟು ಅನುಭವಿಸಿದವರಿಗೆ ಸುಮ್ಮನಿರುವ ಹಕ್ಕೂ ಇದೆ.

ನಮ್ಮ ನಾಡಿಗೂ ಈ ಕತೆಯ ಒಂದು ಎಳೆ ಬಂದು ಸೇರುತ್ತದೆ. ಗಾಟಿಂಗನ್ ವಿಶ್ವವಿದ್ಯಾಲಯದ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, ಸಿ.ವಿ. ರಾಮನ್ ಅವರ ಕರೆಯ ಮೇಲೆ 1935–36ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕೆಲವು ತಿಂಗಳಿದ್ದರು. ನಾಜಿಗಳು ಕೆಲಸದಿಂದ ತೆಗೆದ ಬರ್ಲಿನ್ನಿನ ಯಹೂದಿ ಮೂಲದ ವಾಸ್ತುಶಿಲ್ಪಿ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದರು. ಅದೇ ವರ್ಷ ಯುದ್ಧ ಶುರುವಾದೊಡನೆ ಬ್ರಿಟಿಷ್ ಭಾರತದಲ್ಲಿ ಆಶ್ರಯ ಪಡೆದಿದ್ದ ಅನೇಕ ಜರ್ಮನ್ ಯಹೂದಿಗಳನ್ನೂ ಶತ್ರುದೇಶದವರೆಂದು ಬಂಧಿಸಿ ಶಿಬಿರಗಳಲ್ಲಿ ಇಟ್ಟರು. ಸಂಸ್ಥಾನದ ಕಾಲದ ಕಡತಗಳಲ್ಲಿ ಕೆಲಸ ಮಾಡುವ ನಮ್ಮ ಸಂಶೋಧಕರಲ್ಲಿ ನನ್ನ ಬಿನ್ನಹ ಇಷ್ಟು. ಅಂಥವರ ಕೆಲಸದ ಅರ್ಜಿಯೋ, ವೀಸಾಕ್ಕಾಗಿ ಬರೆದ ಪತ್ರವೋ, ಅದಕ್ಕೆ ಪಿನ್ನು ಚುಚ್ಚಿದ ಫೋಟೊವೋ ಕಣ್ಣಿಗೆ ಬಿದ್ದರೆ ಫೋಟೊವನ್ನು ಬೇರೆ ಮಾಡಬೇಡಿ. ಕಡತದ ಸಂಖ್ಯೆ ಗುರುತು ಹಾಕಿಕೊಂಡು, ಇಡೀ ಹಾಳೆಯ ಎರಡೂ ಬದಿಯ ಪ್ರತಿ ತೆಗೆದು, ಅವರ ವಂಶದವರು ಎಲ್ಲಿದ್ದಾರೆಂದು ವಿಚಾರಿಸಿ ಕಳಿಸಿಕೊಡಿ.