ನಮ್ಮ ನೀರಿನ ಜೀವಲೋಕ

ಜಲಚರಗಳ ಸೊಬಗನ್ನು ಸವಿಯಲು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಹವಳಗಳ ನಡುವೆಯೇ ಮುಳುಗಬೇಕೆಂದು ಹಲವರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ.

1943ರಲ್ಲಿ ಫ್ರಾನ್ಸಿನ ಕೂಸ್ತೊ ಮತ್ತು ಗಾನ್ಯಾನರು ನೀರಿನೊಳಗೆ ಉಸಿರಾಡುವ ಸಾಧನವೊಂದನ್ನು ರೂಪಿಸಿದರು. ಅಂತಹ ಸಾಧನವನ್ನು ಬೆನ್ನಿಗೆ ಕಟ್ಟಿಕೊಂಡು ನಾರ್ವೆ, ಬ್ರಿಟನ್‌ಗಳ ಜನರು ತಮ್ಮ ನಾಡಿನ ಕೊರೆಯುವ ಕಡಲಿನಲ್ಲಿಯೇ ಮುಳುಗುತ್ತಾರೆ. ಆ ನೀರು ಹಲವೊಮ್ಮೆ ಮಬ್ಬು ಹಸುರು. ಅದಕ್ಕೆ ಮುಖ್ಯ ಕಾರಣ ಅದರಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು; ಮೀನಿನ ಹಿಂಡುಗಳ ಬದುಕಿಗೆ ಅವೇ ಆಧಾರ. ಕೊರತೆಯೆಂದು ತೋರುವುದೇ ಅಲ್ಲಿಯ ಸಂಪತ್ತು.

ಸಿದ್ದರಬೆಟ್ಟದ ಸೀಮೆಗೆ ಕಡಲಿಲ್ಲ, ನಿಜ. ಆದರೆ ಬೆಟ್ಟದ ಗುಹೆಯಲ್ಲಿ ತಣ್ಣನೆಯ ಚಿಲುಮೆಯಿದೆ. ಕೊರಟಗೆರೆ, ಮಧುಗಿರಿಗಳ ಸುತ್ತ ಕೆರೆಗಳಿವೆ. ಕೆರೆಯ ದಡದಲ್ಲಿ ಸುಮ್ಮನೆ ಕುಳಿತು ನೋಡಿರಿ. ನಾವು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟದ ಮರಿ ನೀರಿನಲ್ಲಿಯೇ ಬೆಳೆದು, ಸೊಳ್ಳೆಯ ಮರಿಗಳನ್ನು ತಿಂದು ನಮಗೆ ಉಪಕಾರ ಮಾಡುತ್ತದೆ. ಇದೇನು ಸಣ್ಣ ಸೋಜಿಗವೇ?

ಒಳ್ಳೆಯ ಮುಳುಗುಗಾರನು ನೀರಿನಲ್ಲಿ ಏನನ್ನೂ ಕೀಳುವುದಿಲ್ಲ, ಯಾವ ಜೀವಿಯನ್ನೂ ಕಾಡುವುದಿಲ್ಲ. ದಡದಲ್ಲಿ ನಿಂತವರಿಗೂ ಈ ನಿಯಮ ಸಲ್ಲುತ್ತದೆ. ಚಿಲುಮೆಗೆ ಸಾಬೂನನ್ನೂ ಕೆರೆಗೆ ಕಸವನ್ನೂ ಸೇರಿಸುವವನು ಕಡಲನ್ನು ಕಂಡರೂ ಅದನ್ನು ಮೆಚ್ಚಲಾರನು. ಮನೆಯ ಬಳಿಯ ನೀರನ್ನು ಗೌರವಿಸುವುದೇ ಜಲಚರಗಳನ್ನು ಪ್ರೀತಿಸುವ ಮೊದಲ ಪಾಠ.