ಯಾರ ಸಾವಿಗೆ ಯಾರ ಸಂತಾಪ?



2025ರ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಗುಂಡಿಕ್ಕಿ ಕೊಂದರು. ಸತ್ತವರಲ್ಲಿ ನಮ್ಮ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು. ಪ್ರವಾಸಿಗಳನ್ನು ಕುದುರೆ ಮೇಲೆ ಕೂರಿಸಿಕೊಂಡು ಹೋಗಿ ಹೊಟ್ಟೆ ಹೊರೆಯುತ್ತಿದ್ದ ಅಲ್ಲಿನ ಮುಸ್ಲಿಂ ಬಡವನೊಬ್ಬನೂ ಇದ್ದ. ಆ ಹೆಂಡಿರು ಮಕ್ಕಳ ಗೋಳು ನೋಡಿ ಬಿ.ಜಿ. ಕೆರೆಯ ಟೀ ಅಂಗಡಿಗಳಲ್ಲೂ ಜನ ಮಾತು ನಿಲ್ಲಿಸಿದ್ದರು. ಅಮೆರಿಕ, ಬ್ರಿಟನ್, ಫ್ರಾನ್ಸ್, ಇಸ್ರೇಲ್ ಎಲ್ಲ ಕಡೆಯಿಂದ ಸಂತಾಪ ಬಂತು. ಜುಲೈ 1ರಂದು ಅಮೆರಿಕ, ಜಪಾನ್, ಆಸ್ಟ್ರೇಲಿಯಾ, ಭಾರತ ಸೇರಿದ ಕ್ವಾಡ್ ಕೂಟ ಖಂಡನೆಯ ಹೇಳಿಕೆ ಕೊಟ್ಟಿತು. ಕೊಡಲಿ. ಸಾವಾದ ಮನೆಗೆ ಹೋಗಿ ಕೂರುವುದು ಮನುಷ್ಯರ ಲಕ್ಷಣ. ಅದನ್ನು ಹೀಗಳೆಯುವವರು ನಾವಲ್ಲ.

ನಮ್ಮ ತಕರಾರು ಬೇರೆ. ಈ ಪ್ರಜಾಪ್ರಭುತ್ವ ದೇಶಗಳ ನಡುವೆ ಇನ್ನೊಂದು ಒಗ್ಗಟ್ಟೂ ಇದೆ. ಒಬ್ಬರ ಮನೆಯ ಹೊಲಸನ್ನು ಇನ್ನೊಬ್ಬರು ಕಂಡೂ ಕಾಣದಂತೆ ಇರುವ ಒಗ್ಗಟ್ಟು ಅದು.

2000ದ ಮಾರ್ಚ್ 11ರ ರಾತ್ರಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಮೇಲ್ಜಾತಿಯವರ ಗುಂಪು ದಲಿತರ ಮನೆಗೆ ಹೊರಗಿನಿಂದ ಬಾಗಿಲು ಹಾಕಿ ಬೆಂಕಿ ಇಟ್ಟಿತು. ಏಳು ಜನ ಜೀವಂತ ಸುಟ್ಟುಹೋದರು. ಕೆಲವರನ್ನು ಕೊಂದು ಇಡೀ ಕೇರಿ ನಡುಗುವಂತೆ ಮಾಡುವುದು ಭಯೋತ್ಪಾದನೆ ಅಲ್ಲದಿದ್ದರೆ ಮತ್ತೇನು? ಆದರೆ ಆ ಹೆಸರಿನಿಂದ ಅದನ್ನು ಯಾವ ಸರ್ಕಾರವೂ ಕರೆಯಲಿಲ್ಲ.

ಮಾರನೇ ವರ್ಷ, 2001ರಲ್ಲಿ, ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ. ನೂರಕ್ಕೂ ಹೆಚ್ಚು ದಲಿತ ಪ್ರತಿನಿಧಿಗಳು ಅಲ್ಲಿಗೆ ಹೋಗಿ, ಜಾತಿಯ ಹಿಂಸೆಯನ್ನೂ ಪ್ರಪಂಚ ಕೇಳಬೇಕು ಅಂದರು. ಭಾರತ ಸರ್ಕಾರ ಏನಂತು? ಜಾತಿ ಅಂದರೆ ಜನಾಂಗ ಅಲ್ಲ, ಇದು ನಮ್ಮ ಒಳಗಿನ ವಿಷಯ, ಹೊರಗಿನವರು ತಲೆ ಹಾಕಬೇಡಿ ಅಂತು. ಅಮೆರಿಕ ಮತ್ತು ಇಸ್ರೇಲ್, ಇಸ್ರೇಲಿನ ಟೀಕೆ ಸಹಿಸದೆ, ಅರ್ಧಕ್ಕೇ ಎದ್ದು ಹೋದವು. ಕೊನೆಯ ಘೋಷಣೆಯಲ್ಲಿ ಜಾತಿ ಅನ್ನೋ ಪದವೇ ಇರಲಿಲ್ಲ. ಸಮ್ಮೇಳನ ಮುಗಿದದ್ದು ಸೆಪ್ಟೆಂಬರ್ 8ಕ್ಕೆ. ಮೂರೇ ದಿನಕ್ಕೆ, 11ನೇ ತಾರೀಖು, ಅಮೆರಿಕದ ಮೇಲೆ ದಾಳಿಯಾಗಿ ಸುಮಾರು 3,000 ಜನ ಸತ್ತರು. 12ರಂದೇ ಭದ್ರತಾ ಮಂಡಳಿಯ ನಿರ್ಣಯ. ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಅನ್ನುವ ಕಲಮನ್ನು ನ್ಯಾಟೋ ಮೊದಲ ಸಲ ಎತ್ತಿಕೊಂಡಿತು. ಭಾರತವೂ ಕೈ ಜೋಡಿಸಿತು. ಆವಾಗ ಮಾತ್ರ ಒಳಗಿನ ವಿಷಯ, ಹೊರಗಿನ ವಿಷಯ ಅನ್ನೋ ಗೋಡೆ ಯಾರಿಗೂ ಅಡ್ಡ ಬರಲಿಲ್ಲ!

ಇದು ಭಾರತದ ಚಾಳಿ ಮಾತ್ರ ಅಂದುಕೊಳ್ಳಬೇಡಿ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕರಿಯರ ನಾಯಕ ಡುಬಾಯ್ಸ್‌ಗೆ ಪತ್ರ ಬರೆದರು. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಮನವಿಯ ಪ್ರತಿ ಬೇಕು, ಅಸ್ಪೃಶ್ಯರೂ ಅದೇ ದಾರಿ ಹಿಡಿಯುವ ಯೋಚನೆಯಲ್ಲಿದ್ದಾರೆ ಅಂತ. ಡುಬಾಯ್ಸ್ ಕೂಡಲೇ ಉತ್ತರಿಸಿದರು. 1947ರಲ್ಲಿ ಡುಬಾಯ್ಸ್ ಮುಂದಾಳತ್ವದಲ್ಲಿ ತಯಾರಾದ ಇನ್ನೊಂದು ಮನವಿ ವಿಶ್ವಸಂಸ್ಥೆಗೆ ಹೋದಾಗ ಅದನ್ನು ಚರ್ಚೆಗೆ ತರಲು ಅಮೆರಿಕದ ಪ್ರತಿನಿಧಿಗಳೇ ಒಪ್ಪಲಿಲ್ಲ. ಡರ್ಬನ್‌ನಲ್ಲಿ ನಮ್ಮವರು ಓದಿದ್ದು ಅದೇ ಹಳೇ ಪಾಠ. ಸರ್ಕಾರಗಳ ನಂಟು ಒಂದು, ಜನಗಳ ನಂಟು ಇನ್ನೊಂದು. ಬಾಬಾಸಾಹೇಬರು ಹುಡುಕಿದ್ದು ಎರಡನೆಯದನ್ನು.

ಕಂಬಾಲಪಲ್ಲಿಯ ಕೇಸು ಏನಾಯ್ತು? ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿ ಹಿಡಿಯಿತು. ಹಾಗಾದರೆ ಏಳು ಜನ ತಾವೇ ಸುಟ್ಟುಕೊಂಡರೇ? ಸಾಕ್ಷಿಗಳನ್ನು ಬೈಯುವುದು ಸುಲಭ. ಅದೇ ಊರಿನ ಹೊಲದಲ್ಲಿ ಕೂಲಿ ಮಾಡಿ, ಅದೇ ದಾರಿಯಲ್ಲಿ ಮಕ್ಕಳನ್ನು ಸ್ಕೂಲಿಗೆ ಕಳಿಸಬೇಕಾದವರು ಆರು ವರ್ಷ ಹೇಗೆ ಒಬ್ಬಂಟಿ ನಿಲ್ಲಬೇಕಿತ್ತು?

ಗಂಗಾವತಿಯ ಮರಕುಂಬಿಯನ್ನು ನೋಡಿ. 2014ರ ಆಗಸ್ಟಿನಲ್ಲಿ ಅಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಪಟ್ಟು ಬಿಡದೆ ನಡೆದ ಮೇಲೆ, 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಬಹುತೇಕರಿಗೆ ಮರು ತಿಂಗಳೇ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿದ್ದೂ ನಿಜ. ಆದರೂ ಸಾಕ್ಷಿ ನಿಂತರೆ ಏನಾಗುತ್ತೆ ಅಂತ ಗೊತ್ತಾಯ್ತಲ್ಲ.

ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ 15ಎ ಕಲಂ ಸೇರಿದೆ. ನೊಂದವರಿಗೂ ಸಾಕ್ಷಿಗಳಿಗೂ ರಕ್ಷಣೆ ಕೊಡುವುದು ಸರ್ಕಾರದ ಹೊಣೆ. ಕೋರ್ಟಿಗೆ ಹೋಗಿ ಬರುವ ಖರ್ಚು ಸರ್ಕಾರದ್ದು. ಸಂಘಸಂಸ್ಥೆಗಳ, ಸಮಾಜ ಕಾರ್ಯಕರ್ತರ, ವಕೀಲರ ಸಹಾಯ ಪಡೆಯುವುದು ನೊಂದವರ ಹಕ್ಕು. ಇದನ್ನು ಓದಿ ಹೇಳುವವರು ಕೇರಿಯಲ್ಲಿ ಯಾರಿದ್ದಾರೆ, ಹಾಸ್ಟೆಲಿನಲ್ಲಿ ಓದುತ್ತಿರುವ ನೀವಲ್ಲದೆ? ನಿಮ್ಮ ಕಡೆ ಯಾರ ಕೇಸು ನಡೀತಿದೆ, ವಾಯಿದೆ ಯಾವತ್ತು ಅಂತ ಬರೆದಿಟ್ಟುಕೊಳ್ಳಿ. ಹಾಜರಿ ತಪ್ಪುತ್ತೆ ಅನ್ನೋದಾದರೆ ಸರದಿ ಮಾಡಿಕೊಳ್ಳಿ. ಸಾಕ್ಷಿ ಹೇಳಲು ಹೊರಟ ಅವ್ವ ಬೆಳಿಗ್ಗೆ ಬಿ.ಜಿ. ಕೆರೆಯಲ್ಲಿ ದುರ್ಗದ ಬಸ್ಸು ಹತ್ತುವಾಗ ಪಕ್ಕದ ಸೀಟಿನಲ್ಲಿ ಇಬ್ಬರಾದರೂ ಕೂತಿರಿ, ಸಾಯಂಕಾಲ ಮನೆ ಮುಟ್ಟಿಸಿ ಬನ್ನಿ.