ಉದ್ಯೋಗ ಕಡಿತದ ಭಯ: ಧ್ಯಾನ ಶಿಬಿರದಿಂದಷ್ಟೇ ಹೋಗುತ್ತದೆಯೇ ಈ ಒತ್ತಡ?

2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಮಂದಿಯನ್ನು ಕೈಬಿಡುವುದಾಗಿ ಪ್ರಕಟಿಸಿತು. ಲೆಕ್ಕದಲ್ಲಿ ಕೆಲಸ ಕಳೆದುಕೊಳ್ಳುವವರು ನೂರಕ್ಕೆ ಇಬ್ಬರು. ಆದರೆ ಆ ಇಬ್ಬರು ಯಾರು ಎಂಬುದು ಗೊತ್ತಿಲ್ಲದಾಗ ಆತಂಕ ಮಾತ್ರ ನೂರೂ ಮಂದಿಯದು. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ಊರು ಬಿಟ್ಟು ಬಂದು ದುಡಿಯುವವರಿಗೆ ಕೆಲಸ ಹೋದರೆ ಸಂಬಳವಷ್ಟೇ ಅಲ್ಲ, ಬಾಡಿಗೆ ಮನೆ, ಮಕ್ಕಳ ಶಾಲೆ ಎಲ್ಲವೂ ಅಲುಗಾಡುತ್ತವೆ.

ಇಂಥ ಹೊತ್ತಿನಲ್ಲಿ ಬಹುತೇಕ ಕಂಪನಿಗಳು ಮೊರೆಹೋಗುವುದು ಧ್ಯಾನ ಶಿಬಿರ, ಆ್ಯಪ್, ಒತ್ತಡ ನಿರ್ವಹಣೆಯ ವೆಬಿನಾರ್‌ಗಳಿಗೆ. ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಮನಸ್ಸಿನ ಬಂಡವಾಳ ಎಂದರೇನು?

ಅಮೆರಿಕದ ಮ್ಯಾನೇಜ್‌ಮೆಂಟ್ ತಜ್ಞ ಫ್ರೆಡ್ ಲೂಥಾನ್ಸ್ ಇದಕ್ಕೆ 'ಮಾನಸಿಕ ಬಂಡವಾಳ' ಎಂಬ ಪರಿಕಲ್ಪನೆ ಕೊಟ್ಟರು. ಭರವಸೆ, ತನ್ನ ಸಾಮರ್ಥ್ಯದ ಮೇಲಿನ ನಂಬಿಕೆ, ಬಿದ್ದರೂ ಎದ್ದು ನಿಲ್ಲುವ ಶಕ್ತಿ, ಆಶಾವಾದ - ಈ ನಾಲ್ಕೂ ಹುಟ್ಟಿನಿಂದ ಬಂದ ಗುಣಗಳಲ್ಲ, ಬೆಳೆಸಿಕೊಳ್ಳಬಹುದಾದವು ಎಂಬುದು ಇದರ ತಿರುಳು.

ಆದರೆ ಬೆಳೆಸುವುದು ಹೇಗೆ? ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ಫ್ಲೆಮಿಂಗ್ ಬ್ರಿಟನ್‌ನ 46 ಸಾವಿರಕ್ಕೂ ಹೆಚ್ಚು ಉದ್ಯೋಗಿಗಳ ಮಾಹಿತಿ ಆಧರಿಸಿ 2024ರಲ್ಲಿ ಅಧ್ಯಯನ ಪ್ರಕಟಿಸಿದರು. ಧ್ಯಾನ, ಒತ್ತಡ ನಿರ್ವಹಣೆ ತರಬೇತಿ, ಆ್ಯಪ್‌ಗಳಲ್ಲಿ ಪಾಲ್ಗೊಂಡವರ ಮಾನಸಿಕ ಸ್ಥಿತಿ, ಪಾಲ್ಗೊಳ್ಳದವರಿಗಿಂತ ಉತ್ತಮವಾಗಿ ಕಾಣಲಿಲ್ಲ. ಸ್ವಯಂಸೇವೆಯ ಅವಕಾಶವೊಂದೇ ಇದಕ್ಕೆ ಅಪವಾದವಾಗಿತ್ತು.

ಭಯಕ್ಕೆ ಎರಡು ಬೇರು

ಕಾರಣ ಹುಡುಕಲು ಕಷ್ಟಪಡಬೇಕಿಲ್ಲ. ಉದ್ಯೋಗ ಅಭದ್ರತೆ ಎಂದರೆ ಕೆಲಸಕ್ಕೆ ಬಂದಿರುವ ಅಪಾಯವಷ್ಟೇ ಅಲ್ಲ, ಅದನ್ನು ತಡೆಯಲು ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ಅಸಹಾಯಕತೆಯೂ ಹೌದು ಎಂದು ಗ್ರೀನ್‌ಹಾಲ್ಶ್ ಮತ್ತು ರೋಸೆನ್‌ಬ್ಲಾಟ್ 1984ರಲ್ಲೇ ವಿವರಿಸಿದ್ದರು. ಮಾರುಕಟ್ಟೆಯ ಏರಿಳಿತ, ಎಐ ತರುವ ಬದಲಾವಣೆಯನ್ನು ಯಾವ ಕಂಪನಿಯೂ ನಿಲ್ಲಿಸಲಾರದು. ಆದರೆ ಅಸಹಾಯಕತೆಯನ್ನು ಕಡಿಮೆ ಮಾಡುವುದು ಅದರ ಕೈಯಲ್ಲೇ ಇದೆ.

ಯಾವ ವಿಭಾಗಕ್ಕೆ, ಯಾವ ಮಾನದಂಡದ ಮೇಲೆ, ಯಾವಾಗ ಕಡಿತ ಎಂಬುದನ್ನು ನೇರವಾಗಿ ಹೇಳಿದರೆ ಗಾಳಿಸುದ್ದಿ ನಿಲ್ಲುತ್ತದೆ. ಹೊಸ ಕೌಶಲ ಕಲಿಕೆಯನ್ನು ರಾತ್ರಿ ಹನ್ನೊಂದರ ನಂತರಕ್ಕೆ ತಳ್ಳದೆ ಕಚೇರಿ ಸಮಯದಲ್ಲೇ ಕೊಟ್ಟು, ಅದನ್ನು ಬಳಸುವ ಪ್ರಾಜೆಕ್ಟ್ ಒದಗಿಸಿದರೆ ಸಾಮರ್ಥ್ಯದ ಮೇಲೆ ನಂಬಿಕೆ ಬರುತ್ತದೆ. ಬೇರೆ ತಂಡಕ್ಕೆ ಹೋಗುವ ದಾರಿ ತೆರೆದಿದ್ದರೆ ಭರವಸೆಗೆ ಅರ್ಥವಿರುತ್ತದೆ.

ಕಾನೂನಿನ ಆಸರೆ ಯಾರಿಗೆ?

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿಯ ಅವಕಾಶವಿದೆ. ಕೆಲಸದಿಂದ ತೆಗೆದ ಪ್ರತಿ ಕಾರ್ಮಿಕರಿಗೂ ಮಾಲೀಕರು 15 ದಿನಗಳ ವೇತನದಷ್ಟು ಹಣ ಈ ನಿಧಿಗೆ ಕೊಡಬೇಕು. ಆದರೆ ವ್ಯವಸ್ಥಾಪಕ ಹುದ್ದೆಯಲ್ಲಿರುವವರು ಮತ್ತು ತಿಂಗಳಿಗೆ 18 ಸಾವಿರ ರೂ.ಗಿಂತ ಹೆಚ್ಚು ವೇತನ ಪಡೆಯುವ ಮೇಲ್ವಿಚಾರಕರು 'ಕಾರ್ಮಿಕ' ಎಂಬ ವ್ಯಾಖ್ಯೆಗೆ ಬರುವುದಿಲ್ಲ. ಟಿಸಿಎಸ್ ಕಡಿತದ ಬಿಸಿ ತಟ್ಟಿದ್ದು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರಿಗೆ ಎಂಬುದನ್ನು ನೆನೆದರೆ ಈ ಕೊರತೆ ಎಷ್ಟು ದೊಡ್ಡದೆಂಬುದು ಅರಿವಾಗುತ್ತದೆ.

ಹಾಗೆಂದು ಉದ್ಯೋಗಿ ಕೈಕಟ್ಟಿ ಕೂರಬೇಕಿಲ್ಲ. ಕೆಲವು ತಿಂಗಳ ಖರ್ಚಿಗಾಗುವಷ್ಟು ಉಳಿತಾಯ, ಕಂಪನಿಯ ಹೊರತಾಗಿ ಒಂದು ಆರೋಗ್ಯ ವಿಮೆ, ಹಳೆಯ ಸಹೋದ್ಯೋಗಿಗಳ ಒಡನಾಟ - ಇವೂ ಮನಸ್ಸಿನ ಬಂಡವಾಳವೇ. ನಿದ್ದೆ ಕೆಟ್ಟು, ಯಾರೊಂದಿಗೂ ಹೇಳಿಕೊಳ್ಳಲಾಗದ ಸ್ಥಿತಿ ಬಂದರೆ ಸರ್ಕಾರದ ಉಚಿತ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಉದ್ಯೋಗಿಯ ಮನಸ್ಸು ಗಟ್ಟಿಯಾಗಬೇಕು, ನಿಜ. ಆದರೆ ಅವನು ನಿಂತ ನೆಲವನ್ನೇ ಸಡಿಲಗೊಳಿಸಿ, ಗಟ್ಟಿಯಾಗಿ ನಿಲ್ಲು ಎಂದು ಕಂಪನಿ ಪಾಠ ಹೇಳಿದರೆ ಅದನ್ನು ಯಾರೂ ನಂಬುವುದಿಲ್ಲ.